ಷರಾ

ಪಂಚಾಯಿತಿಯಿಂದ ಬಂದ ಫಾರಂನಲ್ಲಿ ಏಳನೆಯ ಕಾಲಂ:
'ಚದುರಂಗ ಕಲಿಕೆಯಿಂದ ಮಕ್ಕಳಲ್ಲಿ ಕಂಡುಬಂದ ಬೆಳವಣಿಗೆ.'
ಬರೆಯಲು ಬಿಟ್ಟ ಜಾಗ ಎರಡು ಬೆರಳಗಲ.

ಮಾಲ್ದಾರೆಯ ಈ ಗ್ರಂಥಾಲಯಕ್ಕೆ
ಕಾಗದದಲ್ಲಿ ನಾನು ಮೇಲ್ವಿಚಾರಕಿ,
ಮಕ್ಕಳ ಬಾಯಲ್ಲಿ ಟೀಚರು.
ನನಗೂ ಆಟ ಗೊತ್ತಿರಲಿಲ್ಲ.
ಡಬ್ಬಿಯೊಳಗಿನ ಚೀಟಿ ಓದಿ
ರಾತ್ರಿ ಅಡುಗೆಮನೆಯಲ್ಲಿ ನನ್ನೆದುರು ನಾನೇ ಕೂತು
ಎರಡು ಸಲ ಸೋತು ಕಲಿತೆ.

ಬೋರ್ಡು ಮೂರು. ಕಾಯಿ ತೊಂಬತ್ತಾರಿರಬೇಕು,
ಎರಡು ಕಮ್ಮಿ.
ಕಳೆದ ಬಿಳಿ ಕಾಲಾಳಿಗೆ ಯಾರದೋ ಅಂಗಿಯ ಗುಂಡಿ,
ಕರಿ ಕುದುರೆಗೆ ಹುರಿದ ಕಾಫಿ ಬೀಜ.
ಬೀಜವಾದರೇನು,
ಅದೂ ಎರಡೂವರೆ ಮನೆ ಹಾರುತ್ತದೆ.

ಮೊದಲ ದಿನವೇ ತಕರಾರು.
ಒಟ್ಟು ಅರವತ್ತನಾಲ್ಕು ಮನೆ ಎಂದೆ.
ಸಾಲಿಗೆ ಎಂಟಾ, ನಮ್ಮ ಲೈನಿನ ಹಾಗೇ ಎಂದಳು ಶೆಲ್ವಿ,
ಯಾವ ಮನೆಗೆ ಕರೆಂಟಿದೆ ಎಂದು ಕೇಳಿದಳು.
ಬಿಳಿ ಮನೆಗೆ, ಎಂದ ನಿಹಾಲ.
ಒಂಟೆ ಓರೆಗೆ ಹೋಗುತ್ತದೆ ಎಂದೆ. ಒಪ್ಪಿದರು,
ಇಲ್ಲಿ ಒಂಟೆಯನ್ನು ಕಂಡವರಾರು.
ಆನೆ ನೇರಕ್ಕೆ ಎಂದದ್ದೇ ತಪ್ಪಾಯಿತು.

'ಯಾರು ಹೇಳಿದ್ದು?'
ಎದ್ದು ನಿಂತವಳು ಹಾಡಿಯ ಬೊಳ್ಳಿ,
ಅದುವರೆಗೆ ಹಾಜರಿಗೂ ತುಟಿ ಬಿಚ್ಚದವಳು.
ಆನೆ ಹಲಸಿನ ವಾಸನೆ ಹಿಡಿದು ಬಾಗುತ್ತದೆ,
ಸೋಲಾರ್ ಬೇಲಿಗೆ ಒಣಕೊಂಬೆ ಎಸೆದು ನೋಡುತ್ತದೆ,
ಮರಿ ಜೊತೆಗಿದ್ದರೆ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗುತ್ತದೆ.
ನೇರ ಹೋಗುವುದು ಜೀಪು.
ಇದು ಬೇರೆ ಆನೆ ಎಂದೆ.
ಹಾಗಾದರೆ ಬೇರೆ ಹೆಸರಿಡಿ, ಎಂದಳು.
ಚೀಟಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಇನ್ನು ರಫೀಕುಲ.
ಅಸ್ಸಾಮಿನಿಂದ ಮೆಣಸು ಕೊಯ್ಯಲು ಬಂದವರ ಮಗ,
ಒಂಬತ್ತು ವರ್ಷ, ಕನ್ನಡ ಅರ್ಧ ಬಾಯಿ,
ಕೈ ಮಾತ್ರ ಕಣ್ಣಿಗಿಂತ ಮುಂದೆ.
ಎದುರಿನವರು ಎತ್ತಿದ್ದನ್ನು ಇಡುವ ಮೊದಲೇ
ತನ್ನದನ್ನು ನೂಕಿ, ಮಂತ್ರಿಯನ್ನು ಕಳಕೊಂಡು,
ಬೋರ್ಡು ಮಗುಚಿ ಎದ್ದುಹೋಗುತ್ತಿದ್ದ.
ಅವನಿಂದಲೇ ಹೆಕ್ಕಿಸುತ್ತಿದ್ದೆ,
ಗುಂಡಿ ಬೀಜ ಸೇರಿ ತೊಂಬತ್ತಾರೂ ಎಣಿಸಿದ ಮೇಲೆ ಮನೆಗೆ.
ಹಾಗೆ ಕನ್ನಡದ ಅಂಕಿ ಬಂತು ಅವನಿಗೆ.
ಅದನ್ನು ಬರೆಯಬಹುದೇನೋ.

ಅವನಿಗೆ ನಾನು ಹೇಳುತ್ತಿದ್ದುದು ಇಷ್ಟೇ:
ಕೈ ತೊಡೆಯ ಕೆಳಗಿಟ್ಟು ಕೂರು.
ಈಗ ಅವಳ ಸರದಿ.
ಅವಳು ಏನನ್ನು ನೋಡುತ್ತಿದ್ದಾಳೆ, ಅದನ್ನು ನೋಡು.

ಕಳೆದ ಗುರುವಾರ, ಬಾಗಿಲಿಗೆ ಬೀಗ ಹಾಕಿ
ಅವರ ಹಿಂದೆಯೇ ಹೊರಟಿದ್ದೆ.
ತೋಟದ ತಿರುವಿನಲ್ಲಿ, ಸಿಲ್ವರ್ ಮರಗಳ ಸಂದಿಯಲ್ಲಿ
ಒಂಟಿ ಸಲಗ.
ಮಕ್ಕಳು ಮುಂದೆ, ನಾನು ಇಪ್ಪತ್ತು ಮಾರು ಹಿಂದೆ.
ಕೂಗಿದರೆ ಅದು ತಿರುಗೀತು,
ಕೂಗದಿದ್ದರೆ ಇವರು ಓಡಿಯಾರು.
ನನಗೆ ಯಾವ ನಡೆಯೂ ತೋಚಲಿಲ್ಲ.

ರಫೀಕುಲ ಓಡಲಿಲ್ಲ.
ಎರಡೂ ತೋಳು ಅಗಲಿಸಿ ಚಿಕ್ಕವರನ್ನು ತಡೆದು
ಪಿಸುಗುಟ್ಟಿದ:
'ನಿಲ್ಲು. ಈಗ ಅದರ ಸರದಿ.'
ಬೊಳ್ಳಿ ಅವನ ಅಂಗಿ ಹಿಡಿದು
ಗಾಳಿ ನೋಡಿ, ಒಂದೊಂದೇ ಹೆಜ್ಜೆ ಹಿಂದಕ್ಕೆಳೆದಳು.
ಸಲಗ ಕಿವಿ ಬೀಸುವುದನ್ನು ನಿಲ್ಲಿಸಿತು.
ಯೋಚಿಸಿತು. ನಿಜವಾಗಿ ಯೋಚಿಸಿತು.
ಆಮೇಲೆ ಚರಂಡಿ ದಾಟಿ
ರೋಬಸ್ಟಾ ಗಿಡಗಳನ್ನು ಸರಿಸುತ್ತ ಇಳಿದುಹೋಯಿತು.

ಮಾರನೆ ದಿನ ಫಾರಂ ತುಂಬಿದೆ.
'ಏಕಾಗ್ರತೆ ಹೆಚ್ಚಿದೆ.'
ಜಾಗ ಅಷ್ಟೇ ಇದ್ದದ್ದು.

ಬೊಳ್ಳಿ ಕಾಯಿ ಜೋಡಿಸುತ್ತಿದ್ದಳು.
'ಟೀಚರ್, ನಿನ್ನೆ ಅದು ಓರೆಗೆ ಹೋಯಿತು.'
ನಾನೂ ನೋಡಿದೆ ಎಂದೆ.
ಮೂಲೆಯ ಆನೆಯನ್ನು
ಮನೆಯೊಳಗೇ ಒಂಚೂರು ಓರೆ ತಿರುಗಿಸಿ ಇಟ್ಟಳು.
ನಾನು ಸರಿಮಾಡಲು ಹೋಗಲಿಲ್ಲ.