ಒಂದು ಮೊಳ

ಶಿವಮೊಗ್ಗದ ಖಾಸಗಿ ಬಸ್‌ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ
ಊರುಗಳ ಹೆಸರು ಕೂಗಿ ಹೊಟ್ಟೆ ಹೊರೆದವನು ನಾನು.
ಆಯನೂರು, ಸೂಡೂರು, ಅರಸಾಳು, ರಿಪ್ಪನ್‌ಪೇಟೆ, ಹೊಸನಗರ, ನಗರ—
ಈಗಲೂ ನಿದ್ದೆಯಲ್ಲಿ ಕೂಗುತ್ತೇನಂತೆ.
ಹೆಂಡತಿ ಪಕ್ಕೆಗೆ ತಿವಿದು
"ಬಸ್ಸು ಹೋಯ್ತು, ಮಲಗಿ" ಅನ್ನುತ್ತಾಳೆ.

ಹಸಿರು ಬಸ್ಸು ತೀರ್ಥಲಿಂಗಪ್ಪನವರವು, ಹದಿನಾಲ್ಕು.
ನೀಲಿಯವು ಹಾಲೇಶಪ್ಪನವರವು, ಹದಿನೈದು;
ಒಂದು ಹೆಚ್ಚಿಗಿರಲೆಂದೇ ಕೊಂಡದ್ದು, ಶೆಡ್ಡಿನಲ್ಲೇ ತುಕ್ಕು ಹಿಡಿಯಿತು.
ಜಾತಿ ಒಂದೇ, ಮಠ ಒಂದೇ, ಜವಳಿ ತೆಗೆಯುವ ಅಂಗಡಿಯೂ ಒಂದೇ.
ಜಗಳ ಮಾತ್ರ ಐದು ನಿಮಿಷದ್ದು.
ನಾಲ್ಕು ಮೂವತ್ತೈದು ಯಾರದು, ನಾಲ್ಕು ನಲವತ್ತು ಯಾರದು?
ಕೋರ್ಟಿನಲ್ಲಿ ಹನ್ನೊಂದು ವರ್ಷ ಕೊಳೆಯಿತು ಆ ಐದು ನಿಮಿಷ.
ಅಷ್ಟರಲ್ಲಿ ಮಕ್ಕಳು ಬೆಳೆದರು.

ಅವಳು ದಾಕ್ಷಾಯಿಣಿ. ಹೆಸರಿಡುವಾಗ ಅಪ್ಪ
ಪುರಾಣ ಕೇಳಿರಲಿಲ್ಲವೋ, ಅರ್ಧಕ್ಕೆ ಎದ್ದು ಬಂದಿದ್ದರೋ.
ಕಾಲೇಜು ಮುಗಿಸಿ ಹಸಿರು ಬಸ್ಸಿನ ಮೂರನೇ ಕಿಟಕಿಗೆ ಕೂರುವಳು.
ಅವನು ನಿಜಗುಣ. ಲೆಕ್ಕ ಕಲಿಯಲೆಂದು
ಚರ್ಮದ ಚೀಲ ಕೊಟ್ಟು ನೀಲಿ ಬಸ್ಸಿನ ಬಾಗಿಲಲ್ಲಿ ನಿಲ್ಲಿಸಿದ್ದರು.
ದಿನಾ ಚೀಲದಲ್ಲಿ ಮೂರೋ ನಾಲ್ಕೋ ರೂಪಾಯಿ ಖೋತಾ.

ಸ್ಟ್ಯಾಂಡಿನಲ್ಲಿ ಮಾತಾಡುವಂತಿಲ್ಲ.
ಕ್ಲೀನರುಗಳಿಗೂ ಕಣ್ಣಿತ್ತು, ಕಣ್ಣಿಗೆ ಬೇರೆ ಸಂಬಳವಿತ್ತು.
ಆದರೆ "ಹಿಂದೆ ಬೀಳಬೇಡ" ಎಂದು
ಇಬ್ಬರೂ ಅಪ್ಪಂದಿರು ಡ್ರೈವರಿಗೆ ಆಣೆ ಹಾಕಿ ಕಳಿಸುವರಲ್ಲ,
ಆಯನೂರು ದಾಟಿದ್ದೇ ನೀಲಿಯ ಮೂತಿ ಹಸಿರಿನ ಪಕ್ಕೆಗೆ ಬರುವುದು.
ಹಾರ್ನಿಗೆ ಹಾರ್ನು, ಬೈಗುಳಕ್ಕೆ ಬೈಗುಳ,
ಶಿವಶಿವಾ ಎಂದು ಕಂಬಿ ತಬ್ಬಿದ ಮುದುಕಿಯರು—
ಆಗ ಆ ಬಾಗಿಲಿಗೂ ಈ ಮೂರನೇ ಕಿಟಕಿಗೂ ನಡುವೆ
ಒಂದು ಮೊಳ.

ಮೊಳ ಎಂದರೆ ಎಷ್ಟೆಂದು ಹೂವಿನವಳನ್ನು ಕೇಳಿ,
ಅಳೆಯುವ ಕೈಯ ಮೇಲಿದೆ.
ಚೀಟಿಗಳು ದಾಟಿದವು. ಹುರಿಗಡಲೆ ಪೊಟ್ಟಣ ದಾಟಿತು.
ಸೂಡೂರಿನ ರೈಲ್ವೆ ಗೇಟು ಬಿದ್ದ ದಿನ
ಗೂಡ್ಸು ಗಾಡಿ ಡಬ್ಬಿ ಡಬ್ಬಿಯಾಗಿ ಹೋಗುವಷ್ಟು ಹೊತ್ತೂ
ಅವಳ ಕೈ ಅವನ ಕೈಯಲ್ಲಿತ್ತಂತೆ.
ನಾನು ಕಂಡದ್ದಲ್ಲ, ಹಸಿರಿನ ಡ್ರೈವರು ಬುಡೇನ್ ಸಾಬರು ಕನ್ನಡಿಯಲ್ಲಿ ಕಂಡದ್ದು.
"ನಾನು ಗೇಟ್ ಕಡೆ ನೋಡ್ತಿದ್ದೆ ಮಾರಾಯ" ಎಂದೂ ಸೇರಿಸಿದರು.

ಆಮೇಲೆ ರಾಜಿಯಾಯಿತು.
ಮಠದ ಜಗಲಿಯಲ್ಲಿ ಹಿರಿಯರು ಕೂತು
ಹಸಿರಿಗೆ ನಾಲ್ಕು, ನೀಲಿಗೆ ಐದು ಎಂದು ತೀರ್ಮಾನ ಮಾಡಿದರು.
ಮುಖ ನೋಡದೆಯೇ ಇಬ್ಬರೂ ಬೆಲ್ಲ ತಿಂದರು.
ಇನ್ನು ಅಂಗೈಯಲ್ಲಿ ಜೀವ ಹಿಡಿದು ಕೂರಬೇಕಿಲ್ಲವೆಂದು
ಊರೂರು ನಿಟ್ಟುಸಿರು ಬಿಟ್ಟವು.
ಒಂದು ಗಂಟೆ ಎಂದರೆ ನಲವತ್ತು ಕಿಲೋಮೀಟರು.
ಎಷ್ಟು ಕೈ ಚಾಚುತ್ತೀರಿ?

ಹೆಣ್ಣು ಕೇಳಲು ಹೋದ ಹುಡುಗನ ಸೋದರಮಾವನಿಗೆ
ತೀರ್ಥಲಿಂಗಪ್ಪ ಕಾಫಿ ಕೊಟ್ಟರು, ಲೋಟ ಖಾಲಿಯಾದ ಮೇಲೆ ಹೇಳಿದರು:
"ಟೈಮು ಬಿಟ್ಟುಕೊಟ್ಟೆ. ಮಗಳನ್ನೂ ಬಿಟ್ಟುಕೊಡಲಾ?"

ಒಂದು ಸೋಮವಾರ ನಾಲ್ಕಕ್ಕೆ ಎರಡು ನಿಮಿಷವಿರುವಾಗ
ಅವಳು ಹಸಿರು ಬಸ್ಸಿನಿಂದ ಇಳಿದು ನನ್ನ ಮೇಜಿನ ಹತ್ತಿರ ಬಂದಳು.
"ಐದರ ಬಸ್ಸು ಎಲ್ಲಿ ನಿಲ್ಲುತ್ತೆ?"
ಹುಟ್ಟಿದಾಗಿನಿಂದ ಸ್ಟ್ಯಾಂಡು ಬಲ್ಲವಳು!
ಪರಸ್ಥಳದವಳಿಗೆ ತೋರಿಸುವಂತೆ ಬೆರಳು ಮಾಡಿದೆ.
ಒಂದು ಗಂಟೆ ಕಲ್ಲುಬೆಂಚಿನ ಮೇಲೆ ಕೂತಳು, ಎಲ್ಲರೆದುರು.
ತಡೆಯುವವರು ಯಾರೂ ಇರಲಿಲ್ಲ.
ರಾಜಿಯಾದ ಮೇಲೆ ಕಾವಲಿಗೆ ಯಾರು ಸಂಬಳ ಕೊಡುತ್ತಾರೆ?

ರಾತ್ರಿ ನೀಲಿಯ ಡ್ರೈವರು ಚೀಲ ತಂದೊಪ್ಪಿಸಿದ. ಟಿಕೆಟ್ ಪುಸ್ತಕ ತೆರೆದೆ.
ನಗರ, ಎರಡು ಫುಲ್.
ತನ್ನಪ್ಪನ ಬಸ್ಸಿನಲ್ಲಿ ತನಗೂ ಟಿಕೆಟ್ ಹರಿದುಕೊಂಡಿದ್ದ.
ಎಣಿಸಿದೆ. ಒಂದು ಪೈಸೆ ಖೋತಾ ಇರಲಿಲ್ಲ.

ಬೆಳಗ್ಗೆ ಇಬ್ಬರು ಯಜಮಾನರೂ ನನ್ನ ಮೇಜಿಗೆ ಬಂದರು,
ಮೊದಲ ಸಲ ಒಂದೇ ಪಕ್ಕದಲ್ಲಿ ನಿಂತು
ಒಟ್ಟಿಗೇ ಕೇಳಿದರು: "ಎಷ್ಟಕ್ಕೆ ಬಿಟ್ಟಿತು ಬಸ್ಸು?"
"ಸರಿಯಾಗಿ ಐದಕ್ಕೆ" ಅಂದೆ.

ಸುಳ್ಳು.
ಎರಡು ನಿಮಿಷ ಮೊದಲೇ ನಾನು ರೈಟ್ ಹೇಳಿದ್ದೆ.