ಹದಿನಾಲ್ಕನೇ ರೀಲು

ವಿಮರ್ಶಕರು ಏನಂದರು ಅಂತ ಕೇಳುತ್ತೀರಿ.
ಕೂತುಕೊಳ್ಳಿ. ಆ ಸ್ಟೂಲು ಅಲ್ಲಾಡುತ್ತೆ, ಗೋಡೆಗೆ ಒತ್ತಿ.
ಚಿಂತಾಮಣಿಗೆ ಪೇಪರು ಬರುತ್ತಿದ್ದದ್ದು ಹತ್ತೂವರೆ ಬಸ್ಸಿಗೆ.
ವಿಮರ್ಶೆ ಬರುತ್ತಿದ್ದದ್ದು ಇನ್ನೂ ತಡವಾಗಿ,
ಕಡಲೆಕಾಯಿ ಪೊಟ್ಟಣವಾಗಿ.

ನಾನು ಓದಿದ್ದೂ ಹಾಗೇ, ಉಪ್ಪು ಒರೆಸಿ:
'ಕತೆ ತರ್ಕಕ್ಕೆ ನಿಲ್ಲುವುದಿಲ್ಲ. ಮಳೆಯ ದೃಶ್ಯ ಅತಿಯಾಯಿತು.
ನಾಯಕಿ ಬೆಚ್ಚುವುದನ್ನು ಇನ್ನೂ ಕಲಿಯಬೇಕು.
ಕೊಲೆಗಾರ ಯಾರೆಂಬುದು ಮಧ್ಯಂತರಕ್ಕೇ...'
ಅಲ್ಲಿಗೆ ಕಾಗದ ತಿರುಚಿತ್ತು. ಬಿಚ್ಚಲಿಲ್ಲ ನಾನು.
ಕಾಳು ಬಾಯಿಗೆ ಸುರಿದು ಪೊಟ್ಟಣ ಮೋರಿಗೆ.

ಒಂದೇ ಪ್ರಿಂಟು, ಎರಡು ಪರದೆ.
ಊರೊಳಗಿನ ಟಾಕೀಸಿಗೆ ಒಂಬತ್ತೂವರೆ ಆಟ,
ಕನ್ನಂಪಲ್ಲಿ ಕೆರೆಯಾಚೆಯ ಟೆಂಟಿಗೆ ಹತ್ತೂಕಾಲು.
ನಡುವೆ ಏರಿಯ ಮೇಲೆ ಡೈನಮೋ ಇಲ್ಲದ ಸೈಕಲ್ಲು,
ಕ್ಯಾರಿಯರಿಗೆ ಹಳೇ ಟ್ಯೂಬಲ್ಲಿ ಬಿಗಿದ ತಗಡಿನ ಡಬ್ಬ,
ಡಬ್ಬದೊಳಗೆ ಒಂದು ಹೆಣ, ಏಳು ಮಂದಿ ಅನುಮಾನದವರು,
ತುಳಿಯುವವನು ನಾನು, ನಾರೆಪ್ಪ, ವಯಸ್ಸು ಹತ್ತೊಂಬತ್ತು.

ಹದಿಮೂರು ರೀಲು ತುಂಡುತುಂಡಾಗಿ ನೋಡಿದ್ದೇನೆ,
ಹಿಂದುಮುಂದಾಗಿ. ಹೆಣ ಬೀಳುವ ಮುಂಚೆ ಅಳು ಕೇಳಿಸಿದೆ.
ಹದಿನಾಲ್ಕನೆಯದು ಇಲ್ಲಿ ಓಡುವಾಗ ನಾನು ಏರಿಯ ಮೇಲೆ,
ಅಲ್ಲಿ ಓಡುವಾಗ ಎಂಜಿನ್ನಿನ ಹತ್ತಿರ.
ಆ ಡೀಸೆಲ್ ಮುದುಕಿ ನೀರು ಕೇಳುತ್ತಿದ್ದದ್ದು ಸರಿಯಾಗಿ ಆಗಲೇ.
ಟೆಂಟಿನ ಬಟ್ಟೆ ಒಳಗಿನಿಂದ ಬೆಳ್ಳಗಾಗಿ, ಕಪ್ಪಾಗಿ, ಮತ್ತೆ ಬೆಳ್ಳಗಾಗಿ,
ಇನ್ನೂರು ಎದೆ ಒಟ್ಟಿಗೆ ಉಸಿರೆಳೆದದ್ದು
ದಡದಡ ದಾಟಿ ನನ್ನ ತನಕ ಬರುತ್ತಿತ್ತು.
ಇಪ್ಪತ್ತೆರಡು ದಿನದ ಓಟ. ದಿನಾ ಅದೇ ಜಾಗಕ್ಕೆ ಅದೇ ಉಸಿರು,
ಒಂದು ರಾತ್ರಿ ಬಿಟ್ಟು.

ವಿಮರ್ಶೆ ಬೇಕು ಅಂದಿರಲ್ಲ, ಬರೆದುಕೊಳ್ಳಿ.
ಸೋಡಾ ಮಾರುವ ಪ್ಯಾರೇಜಾನ್: 'ದರಿದ್ರದ ಪಿಕ್ಚರು.
ಇಂಟರ್‌ವಲ್ ಆದಮೇಲೆ ಒಬ್ಬನೂ ಎದ್ದು ಬರಲ್ಲ,
ಉಚ್ಚೆಗೂ.'
ಗೇಟಿನ ಅಶ್ವತ್ಥಪ್ಪ ಏನೂ ಅನ್ನಲಿಲ್ಲ,
ತಾನು ನೋಡಿ ಮುಗಿಸುವ ತನಕ ಕಿವಿಗೆ ಹತ್ತಿ ಇಟ್ಟುಕೊಂಡಿದ್ದ.
ಕಡಲೆಕಾಯಿ ಮಂಡಿಯ ರಾಮಲಿಂಗ ಶೆಟ್ಟರು ಮೂರು ಸಲ ನೋಡಿ
ಮೂರೂ ರಾತ್ರಿ ಮೆಟ್ಟಿಲ ದೀಪ ಆರಿಸದೆ ಮಲಗಿದರಂತೆ.
ಅವರಂಥ ಜಿಪುಣರು.

ಹನ್ನೊಂದನೇ ರಾತ್ರಿ ಏರಿಯ ಮೇಲೆ ಟೈರು ಸತ್ತಿತು.
ಡಬ್ಬ ತಲೆ ಮೇಲೆ ಹೊತ್ತು ನಡೆದೆ.
ನಾನು ಹತ್ತಿರ ಬಂದಂತೆ ಕಪ್ಪೆಗಳು ನಿಲ್ಲಿಸುತ್ತಿದ್ದವು,
ದಾಟಿದ ಮೇಲೆ ಬೆನ್ನ ಹಿಂದೆ ಶುರು.
ಯಾರೋ ಹಿಂದಿದ್ದಾರೆ ಅನ್ನಿಸಿ ಎರಡು ಸಲ ತಿರುಗಿದೆ.
ಹಿಂದೆ ಎಲ್ಲಿಂದ ಬರಬೇಕು, ತಲೆಯ ಮೇಲೇ ಇತ್ತಲ್ಲ ಆಸಾಮಿ.

ಬೈಗುಳಕ್ಕೆ ಬೆನ್ನೊಡ್ಡಿಕೊಂಡು ಟೆಂಟು ಹೊಕ್ಕರೆ
ಯಾರೂ ನನ್ನ ಕಡೆ ತಿರುಗಲಿಲ್ಲ.
ಎಂಜಿನ್ನು ನಿಂತಿದೆ. ಕತ್ತಲು. ಬೀಡಿಯ ತುದಿಗಳು.
ನೆಲದವರು ಕುರ್ಚಿಯವರ ಜತೆ ವಾದಕ್ಕಿಳಿದಿದ್ದಾರೆ.
'ಡಾಕ್ಟರೇ.' 'ಅಲ್ಲ, ತಮ್ಮ.' 'ಅಡಿಗೆಯವನ ಕೈ ನೋಡಿದ್ಯಾ, ನಡುಗಲೇ ಇಲ್ಲ.'
ಹುಣಸೆಹಣ್ಣು ಬಡಿಯುವ ಪಿಳ್ಳಮ್ಮ ಎದ್ದು ನಿಂತು
ತೆಲುಗಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದಳು:
'ಎಲ್ಲರೂ ಅಳುವಾಗ ಆಯಮ್ಮನ ಸೆರಗು ಒದ್ದೆಯಾಗಲಿಲ್ಲ ಕಣ್ರೋ.
ನನ್ನ ಗಂಡ ಹೋದ ದಿನ ನಾನೂ ಅಳಲಿಲ್ಲ. ನನಗೆ ಗೊತ್ತು.'
ಆಮೇಲೆ ಒಂದು ಗಳಿಗೆ
ಯಾರೂ ಬೀಡಿ ಎಳೆಯಲಿಲ್ಲ.

ಎಂಜಿನ್ನು ತಿರುಗಿಸಿದೆ. ನೀರು ಹುಯ್ದೆ. ಬಟ್ಟೆ ಬೆಳ್ಳಗಾಯಿತು.
ಆ ರಾತ್ರಿ ಉಸಿರೆಳೆದ ಸದ್ದು ಬರಲಿಲ್ಲ.
ಬಿಟ್ಟ ಮೇಲೆ ಜನ ಬಾಯಿಬಿಡದೆ ಹೊರಟರು,
ಪಿಳ್ಳಮ್ಮನಿಗೆ ಒಂದು ಮಾರು ಜಾಗ ಬಿಟ್ಟು.
ನನ್ನ ಹತ್ತಿರ ಬೆಂಕಿ ಕೇಳಿದವನು ಹಚ್ಚಿಕೊಳ್ಳುತ್ತ
'ಪಿಕ್ಚರಿಗಿಂತ ಆಯಮ್ಮನೇ ವಾಸಿ' ಅಂದ.
ಯಾವ ಆಯಮ್ಮ ಅಂತ ನಾನು ಕೇಳಲಿಲ್ಲ.

ಈಗ ಅದು ಮೈಲಿಗಲ್ಲಂತೆ. ಅದೇ ಪೇಪರು, ಬೇರೆ ಹುಡುಗ,
ಆ ಮಳೆಯನ್ನೇ ಹೊಗಳಿ ಅರ್ಧ ಪುಟ ಬರೆದಿದ್ದಾನೆ.
ಬರೆಯಲಿ. ಆ ನಾಯಕಿ ಇದ್ದಿದ್ದರೆ ಓದಿಕೊಳ್ಳುತ್ತಿದ್ದಳು.
ಟಾಕೀಸಿನಲ್ಲಿ ಟೊಮೊಟೊ ಕ್ರೇಟು ಪೇರಿಸಿದ್ದಾರೆ, ಬಾಲ್ಕನಿಯ ಎತ್ತರಕ್ಕೆ.

ನಿಮ್ಮ ಫೋನಿನಲ್ಲಿದೆ ಅನ್ನುತ್ತೀರಿ, ಪೂರ್ತಿ, ಕೊನೆಯ ತನಕ.
ಹಾಕಿ, ನೋಡೋಣ. ಹದಿಮೂರರ ತನಕ.
ಆಮೇಲೆ ನಾನು ಏಳಬೇಕು,
ನಲ್ಲಿಯಲ್ಲಿ ನೀರು ಬರುವ ಹೊತ್ತು.