ಒಳಗೊಂದು ಗೇಣು, ಹೊರಗೊಂದು ಗೇಣು

ಡಾಲ್ಬಿಯ ಎರೆಮಣ್ಣು ಇದು, ಮಾರ್ಲೀನ್,
ಬೇಸಿಗೆಗೆ ಬಾಯಿ ಬಿಟ್ಟರೆ ನನ್ನ ಸ್ಪ್ಯಾನರನ್ನೇ ನುಂಗುತ್ತೆ,
ಮಳೆ ಬಿದ್ದ ಮರುದಿನ
ನೆನೆಹಾಕಿದ ಕಾಳಿನ ಹಾಗೆ ಉಬ್ಬುತ್ತೆ.
ಅಗೆದ ಗುಡ್ಡೆ ತೋರಿಸಿ ಕೇಳುತ್ತೀರಿ,
"ಇದೇ ಇದೆಯಲ್ಲ, ಪುಕ್ಕಟೆ?"
ಪುಕ್ಕಟೆ ಹೌದು.
ನನ್ನ ಭಾವನ ಸಲಹೆಯೂ ಪುಕ್ಕಟೆಯೇ.

ಕ್ರೇನಿನಿಂದ ಇಳಿದ ಈ ನೀಲಿ ತೊಟ್ಟಿ
ನೋಡಲು ದೋಣಿ, ಬಡಿದರೆ ಮೊಟ್ಟೆಚಿಪ್ಪು.
ಗೋಡೆ ಬೆರಳಗಲವೂ ಇಲ್ಲ.
ಸುತ್ತ ಯಾರು ನಿಂತರೋ ಅವರ ಕೈಯಲ್ಲಿ ಅದರ ಆಯುಸ್ಸು.

ಮರಳೇ? ಹಾಕಿದ್ದೆ ಒಮ್ಮೆ,
ದೊಡ್ಡ ನೆರೆಯ ಹಿಂದಿನ ವರ್ಷ,
ರೈಲ್ವೆ ಗೇಟಿನಾಚೆ, ಬೆರಿಲ್ ಮಕಾಲಿಸ್ಟರ್ ಅವರ ಹಿತ್ತಲಲ್ಲಿ.
ಜರಡಿ ಹಿಡಿದದ್ದು, ಸಕ್ಕರೆಯಂಥದ್ದು,
ನೀರು ಬಿಟ್ಟು ಕೂರಿಸಿದ್ದೆ, ಕಾಲಲ್ಲಿ ತುಳಿದು.
ಹೊಟ್ಟೆತುಂಬ ನೀರು ಕುಡಿದ ಮರಳು ಅಂಬಲಿಯಾಗುತ್ತೆ.
ಎಲ್ಲೋ ಜಾರಿತು, ಎಲ್ಲೋ ಒತ್ತಿತು,
ಉದ್ದದ ಗೋಡೆ ಬಸುರಿಯಾಯಿತು.
ಬೆರಿಲ್ ಬೈಯಲಿಲ್ಲ.
ಎಂಬತ್ತೊಂದರ ಮಂಡಿ, ದಿನಾ ಬೆಳಿಗ್ಗೆ
ಆ ಉಬ್ಬಿಗೇ ಕೈಯೂರಿ ನೀರಲ್ಲಿ ನಡೆದರು.
"ಹಿಡಿದುಕೊಳ್ಳಲು ಒಳ್ಳೆಯದಾಯಿತು, ನೆವಿಲ್," ಅಂದರು.
ಬೈದಿದ್ದರೆ ಮರೆಯುತ್ತಿದ್ದೆ.

ಅದಕ್ಕೇ ಜಲ್ಲಿ.
ತೊಳೆದದ್ದು, ಧೂಳಿಲ್ಲದ್ದು, ಕಡಲೆಕಾಳಿನ ಗಾತ್ರ,
ನಿಮ್ಮ ಬೇಲಿಯಾಚೆ ಬೆಳೆದಿದೆಯಲ್ಲ, ಅದೇ ಕಡಲೆ.
ಸುರಿದಲ್ಲೇ ಕೂರುತ್ತೆ.
ನೀರು ಬಂದರೆ ದಾರಿ ಬಿಡುತ್ತೆ,
ಜೊತೆಗೆ ಹೊರಟುಬಿಡುವುದಿಲ್ಲ.
ದುಬಾರಿ, ಗೊತ್ತು. ಮೂರು ಲಾರಿ ಬೇಕು.
ಮೂರನೆಯದರ ಬಾಡಿಗೆ ನನ್ನದು, ಕಾರಣ ಕೇಳಬೇಡಿ.

ಒಳಗೊಂದು ಗೇಣು ನೀರು, ಹೊರಗೊಂದು ಗೇಣು ಜಲ್ಲಿ.
ಮತ್ತೆ ಒಳಗೊಂದು, ಹೊರಗೊಂದು.
ಯಾವ ಕಡೆ ಅವಸರ ಮಾಡಿದರೂ ಗೋಡೆ ಬಾಗುತ್ತೆ.
ಹುಡುಗ ಟೈರೋನ್ ಮೆಟ್ಟಿಲ ಕೆಳಗೆ ತೋಳುದ್ದ ಕೈ ಹಾಕಿ
ಟೊಳ್ಳು ಉಳಿದಿದೆಯಾ ಅಂತ ತಡವುತ್ತಾನೆ,
ಹಸುವಿನ ಹೊಟ್ಟೆಯಲ್ಲಿ ಕರುವನ್ನು ತಡವುವ ಹಾಗೆ.
ಮೂಲೆಯಲ್ಲೊಂದು ಕೊಳವೆ ನಿಲ್ಲಿಸುತ್ತೇನೆ, ತಳದವರೆಗೆ;
ಮಳೆ ಹಿಡಿದಾಗ ಅದರೊಳಗೆ ಟಾರ್ಚು ಬಿಟ್ಟು ನೋಡಿ,
ಮಿನುಗಿದರೆ ಪಂಪು ಹಚ್ಚಿ.
ಕೊಳವನ್ನು ಮಾತ್ರ ಬರಿದು ಮಾಡಬೇಡಿ, ಯಾರೇ ಹೇಳಲಿ.
ಖಾಲಿ ತೊಟ್ಟಿಗೆ ತಾನು ದೋಣಿಯೆಂಬುದು ನೆನಪಾಗಿ
ಎದ್ದುಬಿಡುತ್ತೆ.

ಈ ಕರಿಗುಡ್ಡೆಯಾ? ಇರಲಿ ಬಿಡಿ,
ಕುಂಬಳಬಳ್ಳಿಗೆ ಇದಕ್ಕಿಂತ ಒಳ್ಳೆ ಮಣ್ಣಿಲ್ಲ.
ಬೆರಿಲ್ ಕೊಟ್ಟ ಬೀಜ ಇರಬೇಕು,
ಗಾಡಿಯಲ್ಲೆಲ್ಲೋ.